ಬೆರಳಿಟ್ಟು ಓದುವವಳು

ಸರದಿ ಪಟ್ಟಿಯಲ್ಲಿ ತನ್ನ ಹೆಸರಿನ ಮೇಲೆ ಚೀಟಿ ಅಂಟಿಸಿ ಬೇರೆ ಹೆಸರು ಬರೆದಿದ್ದನ್ನು ಅವಳೇ ಮೊದಲು ಕಂಡಳು. ಚರ್ಚಿನ ಸೂಚನಾ ಫಲಕದ ಗಾಜು ಒರೆಸುವುದು ಅವಳ ಕೆಲಸವಾಗಿತ್ತು. ಎರಡು ವರ್ಷ ಕಾದ ಮೇಲೆ ಬಂದ ಸರದಿ ಅದು. ಮುಂದಿನ ಭಾನುವಾರ ಸಭೆಯ ಮುಂದೆ ನಿಂತು ಸತ್ಯವೇದದ ಹನ್ನೊಂದು ವಚನ ಓದಬೇಕಿತ್ತು. ಈಗ ಅಲ್ಲಿ ಟೀವಿಯಲ್ಲಿ ವಾರ್ತೆ ಓದುವವನ ಹೆಸರಿತ್ತು.

ಬಕೆಟ್ಟನ್ನು ಅಲ್ಲೇ ಬಿಟ್ಟು ಕಾರ್ಯದರ್ಶಿಯ ಕೋಣೆಗೆ ಹೋದಳು. ಮೇಜಿನ ತುಂಬ ಮತಸುಧಾರಣೆಯ, ಅಂದರೆ ಸನ್ಯಾಸಿಯೊಬ್ಬ ಸತ್ಯವೇದವನ್ನು ಜನಸಾಮಾನ್ಯರಿಗೆ ತಲುಪಿಸಿದ ಕಾಲದ, ಐನೂರನೇ ವರ್ಷದ ಪೋಸ್ಟರುಗಳು. ಅದೇ ಭಾನುವಾರ ಸಂಜೆ ಗಾಯನ, ಚಿತ್ರಪ್ರದರ್ಶನ, ಕೊನೆಗೆ ನಾಟಕ. ಮೇಲೆ ದಪ್ಪಕ್ಷರದಲ್ಲಿ ‘ಎಲ್ಲರ ಕೈಗೂ ಗ್ರಂಥ’ ಎಂದಿತ್ತು. ಅವಳು ಅದನ್ನು ನಿಧಾನಕ್ಕೆ, ಆದರೆ ತಪ್ಪಿಲ್ಲದೆ ಓದಿಕೊಂಡಳು.

ಕಾರ್ಯದರ್ಶಿ ತಲೆಯೆತ್ತದೆಯೇ ಸಮಾಧಾನ ಹೇಳಿದ. ಹೊರಗಿನವರು ಬರುತ್ತಾರೆ, ಕ್ಯಾಮೆರಾ ಇರುತ್ತದೆ, ಒಂದು ನಿಮಿಷವೂ ಆಚೀಚೆ ಆಗುವಂತಿಲ್ಲ ಎಂದೆಲ್ಲ.

“ನಂಗೆ ಓದೋಕೆ ಬರುತ್ತೆ ಸಾರ್.”

“ಬರುತ್ತಮ್ಮ, ಯಾರು ಇಲ್ಲ ಅಂದ್ರು? ಆದ್ರೆ ನೀವು ಬೆರಳಿಟ್ಕೊಂಡು ಓದ್ತೀರಿ. ನೀವು ಮುಗಿಸೋ ಹೊತ್ತಿಗೆ ಜನ ಒಂದು ನಿದ್ದೆ ತೆಗೆದಿರ್ತಾರೆ.” ಆಮೇಲೆ ಏನೋ ದಾನ ಕೊಡುವವನ ಹಾಗೆ ನಕ್ಕ. “ಬೇಜಾರಾಗ್ಬೇಡಿ. ನಾಟಕದಲ್ಲಿ ನಿಮಗೊಂದು ಪಾತ್ರ ಇಟ್ಟಿದ್ದೀನಿ. ಓದು ಬರದ ಹೆಂಗಸು. ಸನ್ಯಾಸಿ ಪುಸ್ತಕ ಕೊಡ್ತಾನೆ, ನೀವು ಕಣ್ಣಿಗೊತ್ಕೊಂಡು ಅಳ್ಬೇಕು. ಮಾತಿಲ್ಲ ಕತೆಯಿಲ್ಲ, ನಿಮಗೆ ಸಲೀಸು.”

ಮನೆಯಲ್ಲಿ ಮಗಳು ಕೇಳಿ ಕೆಂಡವಾದಳು. ಅವಳ ಒಂದನೇ ತರಗತಿಯ ಪುಸ್ತಕದಲ್ಲೇ ತಾಯಿ ಅಕ್ಷರ ಕಲಿತದ್ದು. ಸೋಪಿನ ನೀರಿಗೆ ಬಿರಿದ ಬೆರಳನ್ನು ಸಾಲಿನ ಮೇಲೆ ಜರುಗಿಸುತ್ತ ಕೂತರೆ, ಒಲೆಯ ಮೇಲಿನ ಪಾತ್ರೆ ಸೀದರೂ ಏಳುತ್ತಿರಲಿಲ್ಲ.

“ಹೋಗ್ಬೇಡಮ್ಮ ನೀನು. ಅವರ ಚರ್ಚು ಅವರೇ ಗುಡಿಸ್ಕೊಳ್ಳಲಿ.”

ತಾಯಿ ಸೂಜಿಗೆ ದಾರ ಪೋಣಿಸಿದಳು. ನಾಟಕಕ್ಕೆಂದು ಕೊಟ್ಟಿದ್ದ ತೇಪೆಯ ಲಂಗಕ್ಕೆ ಒಳಜೇಬು ಹೊಲಿದಳು. ಅದರಲ್ಲಿ ಕನ್ನಡಕ ಹಿಡಿಸುತ್ತದೆಯೇ ಎಂದು ಎರಡು ಸಲ ನೋಡಿದಳು.

ಭಾನುವಾರ ಸಂಜೆ ಚರ್ಚು ಕಿಕ್ಕಿರಿದಿತ್ತು. ವಾರ್ತೆ ಓದುವವನು ಪುಸ್ತಕದತ್ತ ಕಣ್ಣೂ ಹಾಯಿಸದೆ, ಕ್ಯಾಮೆರಾ ನೋಡುತ್ತ ಹನ್ನೊಂದು ವಚನವನ್ನು ಒಂದೇ ಉಸಿರಿಗೆ ಮುಗಿಸಿ ಚಪ್ಪಾಳೆ ಗಿಟ್ಟಿಸಿದ. ಆಮೇಲೆ ನಾಟಕ. ಗ್ರಂಥವನ್ನು ಜನರ ಭಾಷೆಗೆ ತಂದ ಆ ಸನ್ಯಾಸಿ, ಥರ್ಮಾಕೋಲಿನ ಪುಸ್ತಕವೊಂದನ್ನು ತಂದು ಅವಳ ಕೈಯಲ್ಲಿಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಳ್ಳಲಿಲ್ಲ. ಖಾಲಿ ಬಕೆಟ್ ಇಡುವ ಹಾಗೆ ನೆಲಕ್ಕಿಟ್ಟಳು. ಕನ್ನಡಕ ತೆಗೆದು ಹಾಕಿಕೊಂಡು, ಪ್ರತಿ ಶನಿವಾರ ತಾನೇ ಧೂಳು ಒರೆಸುವ ಪೀಠದ ಬಳಿಗೆ ನಡೆದಳು. ಅಲ್ಲಿ ನಿಜವಾದ ಸತ್ಯವೇದ ತೆರೆದೇ ಇತ್ತು. ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು.

ಒಂದೊಂದು ಪದವನ್ನೂ ಬಾವಿಯಿಂದ ಸೇದುವವಳ ಹಾಗೆ ಓದಿದಳು. ಎರಡನೇ ವಚನಕ್ಕೆ ಯಾರೋ ಕಿಸಕ್ಕೆಂದರು. ಮಗಳು ಎದ್ದು ನಿಂತು ಆ ಕಡೆ ದುರುಗುಟ್ಟಿದಳು, ನಗು ಅಲ್ಲೇ ಅಡಗಿತು. ನಾಲ್ಕಕ್ಕೆ ಕಾರ್ಯದರ್ಶಿ ಮೈಕ್ ನಿಲ್ಲಿಸಿದ, ಅವಳು ದನಿ ಏರಿಸಿದಳು. ಏಳನೇ ವಚನದ ಒಂದು ಉದ್ದನೆಯ ಪದದ ನಡುವೆ ಅವಳು ತಡವರಿಸುತ್ತಿದ್ದಂತೆಯೇ ಅವನು ದೀಪಗಳನ್ನೂ ಆರಿಸಿದ.

“ದೀಪ ಹಾಕಿ ಸಾರ್,” ಪೀಠದ ಕಡೆಯಿಂದ ದನಿ ಬಂತು. “ನಾನು ಬೆರಳು ತೆಗೆದಿಲ್ಲ.”