ಪರದೆಯ ಮೇಲೊಂದು ಹಡಗು

ಹನ್ನೊಂದು ಗಂಟೆಗೆ ಹಡಗು ಹಾಲಿನ ಡೈರಿ ದಾಟಿತು.

ಬಂದರಿನ ಕಂಟ್ರೋಲ್ ರೂಮಿನ ಆಪರೇಟರ್ ಕಣ್ಣುಜ್ಜಿಕೊಂಡು ಪರದೆಯನ್ನು ಮತ್ತೆ ನೋಡಿದ. ಪ್ರತಿ ಹಡಗೂ ತಾನೆಲ್ಲಿದ್ದೇನೆಂದು ಒಂದು ರೇಡಿಯೋ ಪೆಟ್ಟಿಗೆಯ ಮೂಲಕ ಸಾರುತ್ತಿರುತ್ತದೆ. ಪರದೆಯ ಮೇಲೆ ಅದು ಹಸಿರು ಚುಕ್ಕೆ. ಈ ಚುಕ್ಕೆ ಮಾತ್ರ ನೀರು ಬಿಟ್ಟು, ಮುಖ್ಯರಸ್ತೆಯಲ್ಲಿ, ಗಂಟೆಗೆ ಎರಡು ಕಿಲೋಮೀಟರಿನಂತೆ ಊರೊಳಗೆ ಬರುತ್ತಿತ್ತು.

ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಹದಿನೆಂಟು ವರ್ಷದಿಂದ ಈ ಚುಕ್ಕೆಗಳನ್ನು ಕಾದವನು ಅವನು. ಸೋಮವಾರದಿಂದ ಅವನ ಕುರ್ಚಿ ಹೊಸ ಎಐಗೆ. ಯಂತ್ರಕ್ಕೆ ಕುರ್ಚಿ ಯಾಕೋ ದೇವರಿಗೇ ಗೊತ್ತು. "ಅದು ಒಂದೇ ಒಂದು ತಪ್ಪು ಮಾಡಿದ್ದು ತೋರ್ಸಿ, ವಾಪಸ್ ಕಳಿಸ್ಬಿಡ್ತೀನಿ" ಎಂದು ಕಂಟ್ರೋಲ್ ರೂಮಿನ ಮುಖ್ಯಸ್ಥೆ ಮೇಡಂ ಹೇಳಿದ್ದರು. ಒಂದು ತಿಂಗಳು ಹದ್ದಿನ ಕಣ್ಣಿಟ್ಟು ಕಾದರೂ ಆ ದರಿದ್ರದ್ದು ತಪ್ಪು ಮಾಡಿರಲಿಲ್ಲ.

"ಮೇಡಂ, ನಿಮ್ಮ ಎಐ ಹಡಗನ್ನ ರಸ್ತೆ ಮೇಲೆ ಓಡಿಸ್ತಿದೆ, ಬನ್ನಿ!"

ಮೇಡಂ ಬಂದು ಯಂತ್ರವನ್ನೇ ಕೇಳಿದರು. ಅದು ತಣ್ಣಗೆ ಉತ್ತರಿಸಿತು: "ಹಡಗು ನಿಜ. ಉದ್ದ ಇಪ್ಪತ್ತಾರು ಮೀಟರ್. ತಲುಪುವ ಸ್ಥಳ, ಅಕ್ಕನ ಮನೆ. ತಲುಪುವ ವೇಳೆ, ಮೂರೂ ಹತ್ತು."

"ಅಕ್ಕನ ಮನೆಯಾ?"

"ಅದನ್ನ ಹಡಗಿನವ್ರು ಕೈಯಾರೆ ಟೈಪ್ ಮಾಡೋದು ಮೇಡಂ. ಏನು ಹಾಕಿದ್ರೂ ನಡೆಯುತ್ತೆ" ಎಂದ ಆಪರೇಟರ್.

ಯಂತ್ರ ದಾರಿಯನ್ನೂ ಗೀಚಿ ತೋರಿಸಿತು. ಮಾರ್ಕೆಟ್ಟು, ಅಂಚೆ ಕಚೇರಿ, ಸ್ಕೂಲು. ಗೆರೆ ಬಂದು ನಿಂತದ್ದು ಆಪರೇಟರನ ಸ್ವಂತ ಮನೆಯ ಮುಂದೆ.

ಅವನಿಗೆ ಎಲ್ಲ ಹೊಳೆಯಿತು. ಹೆಂಡತಿಯ ತಮ್ಮನದು ಗುಜರಿ ವ್ಯಾಪಾರ. ಹಳೇ ಹಡಗು ಸಿಕ್ಕರೆ ಒಂದು ಸ್ಕ್ರೂ ಕೂಡ ಬಿಡದ ಆಸಾಮಿ. ಬೆಳಿಗ್ಗೆ ತಾನೇ ಫೋನ್ ಮಾಡಿದ್ದ: "ಭಾವ, ಒಂದು ಸಾಮಾನು ಎರಡು ದಿನ ನಿಮ್ಮನೆ ಹತ್ರ ಇಡ್ಲಾ? ಸ್ವಲ್ಪ ಭಾರ ಇದೆ." ರೇಡಿಯೋ ಪೆಟ್ಟಿಗೆ ಕಿತ್ತು ಲಾರಿಗೆ ಎಸೆದುಕೊಂಡು ಬರುತ್ತಿದ್ದಾನೆ. ಅವನ ಡಕೋಟಾ ಲಾರಿ ಇದಕ್ಕಿಂತ ಜೋರಾಗಿ ಓಡುವುದೂ ಇಲ್ಲ. ಪೆಟ್ಟಿಗೆ ಕಂಡು ಹಡಗೆಂದುಕೊಂಡಿದೆ, ಪೆದ್ದು ಯಂತ್ರ!

"ಬರ್ತಿರೋದು ಬರೀ ರೇಡಿಯೋ ಪೆಟ್ಟಿಗೆ, ನನ್ನ ಭಾವಮೈದುನನ ಲಾರೀಲಿ. ಹಡಗೇ ಆಗಿದ್ರೆ ಸೋಮವಾರದ ತನಕ ಕಾಯೋದೇ ಬೇಡ ಮೇಡಂ. ಇವತ್ತೇ ಮನೇಲಿ ಕೂತ್ಕೋತೀನಿ."

"ಪೆಟ್ಟಿಗೆ ಆಗಿದ್ರೆ ಕುರ್ಚಿ ನಿಮ್ದೇ" ಎಂದರು ಮೇಡಂ.

ಒಂದು ಗಂಟೆಗೆ ಪಾಳಿ ಮುಗಿಸಿ ಇಬ್ಬರೂ ಸ್ಕೂಟರಿನಲ್ಲಿ ಅವನ ಮನೆಗೆ ಹೊರಟರು. ಊರೆಲ್ಲ ಟ್ರಾಫಿಕ್ ಜಾಮ್. ಗಲ್ಲಿಗಲ್ಲಿ ಸುತ್ತಿ ತಲುಪಿದಾಗ ಎರಡೂವರೆ. ಬಾಗಿಲಲ್ಲಿ ಹೆಂಡತಿ ಸಿಡಿಮಿಡಿಗುಟ್ಟುತ್ತಿದ್ದಳು.

"ಕರೆಂಟ್ ತೆಗೆದು ಒಂದು ಗಂಟೆ ಆಯ್ತು. ಮೇಡಂಗೆ ಫ್ಯಾನ್ ಹಾಕೋಣ ಅಂದ್ರೂ ಇಲ್ಲ."

ಆಪರೇಟರ್ ಭಾವಮೈದುನನಿಗೆ ಫೋನ್ ಹಚ್ಚಿದ. "ಎಲ್ಲಿದ್ದೀಯೋ?"

"ಸ್ಕೂಲ್ ಹತ್ರ ಭಾವ. ತಿರುಗಿಸೋದು ಸ್ವಲ್ಪ ಕಷ್ಟ ಆಗ್ತಿದೆ. ಬಟ್ಟೆ ಒಣಗಿಸೋ ಹಗ್ಗ ಬಿಚ್ಚಿಡೋಕೆ ಅಕ್ಕಂಗೆ ಹೇಳಿ."

"ಒಂದು ಪೆಟ್ಟಿಗೆಗೆ ಎಷ್ಟು ಬಿಲ್ಡಪ್ ಕೊಡ್ತಾನೆ ನೋಡಿ!" ಆಪರೇಟರ್ ನಕ್ಕ. ಮೇಡಂ ನಗಲಿಲ್ಲ. ಅಷ್ಟು ದುಬಾರಿ ಯಂತ್ರವನ್ನು ವಾಪಸ್ ಕಳಿಸಲು ಪತ್ರ ಹೇಗೆ ಬರೆಯಬೇಕೆಂದು ಅವರು ಆಗಲೇ ಯೋಚಿಸುತ್ತಿದ್ದರು. ಅವನಿಗೆ ಅವರನ್ನು ಕಂಡು ಅಯ್ಯೋ ಪಾಪ ಅನ್ನಿಸಿತು.

ಸರಿಯಾಗಿ ಮೂರೂ ಹತ್ತಕ್ಕೆ ಬೀದಿಯ ತುದಿಯಲ್ಲಿ ಹಾರ್ನ್ ಕೇಳಿಸಿತು. ಅವನು ಶರ್ಟು ಸರಿಮಾಡಿಕೊಂಡು ಎದ್ದ. "ಬನ್ನಿ ಮೇಡಂ, ನಿಮ್ಮ ಹಡಗು ಬಂತು."

ಮೂಲೆ ಮನೆಯ ತಾರಸಿಯ ಮೇಲಿಂದ ಮೊದಲು ಒಂದು ಚಿಮಣಿ ಕಾಣಿಸಿತು, ಆಮೇಲೆ ಅರವತ್ತು ಚಕ್ರದ ಗಾಡಿಯ ಮೇಲೆ ಕೂತ ಇಡೀ ಹಡಗು. ಅದರ ಡೆಕ್ಕಿನಲ್ಲಿ ನಿಂತು ಕರೆಂಟ್ ತಂತಿಯನ್ನು ಬಿದಿರಿನ ಗಳದಿಂದ ಎತ್ತಿ ಹಿಡಿದಿದ್ದ ಭಾವಮೈದುನ ಕೂಗಿದ: "ಭಾವ, ಕಾಂಪೌಂಡ್ ಒಡೀಲಾ?"