ಚಪ್ಪಲಿ ಸ್ಟ್ಯಾಂಡಿನ ಗ್ಲೌಸು

ಎಣ್ಣೆ ಸವರಿದ ಚರ್ಮದ ವಾಸನೆ ಬಂದರೆ ನಾನು ಈಗಲೂ ಫೋನಿನ ಕಡೆ ನೋಡುತ್ತೇನೆ.

ಎಲ್ಲೆಲ್ಲೂ ಕೆಲಸ ಹೋಗುತ್ತಿದ್ದ ರಿಸೆಷನ್ನಿನ ಆ ಬೇಸಿಗೆ, ಸ್ಟರ್ಲಿಂಗ್ ಹೈಟ್ಸ್‌ನ ನಮ್ಮ ಬೇಸ್‌ಮೆಂಟಿನಲ್ಲಿ ರಿಕ್ ಅಂಕಲ್ ಬಾಡಿಗೆಗಿದ್ದರು. ಊರೂರಿನ ತಂಡಗಳಿಗೆ ಬೇಸ್‌ಬಾಲ್ ಆಡಿ, ಈಗ ಯಾವ ತಂಡವೂ ಇಲ್ಲದೆ ಕಾಯುತ್ತಿದ್ದ ಆಟಗಾರ. ಯಾವುದಾದರೂ ತಂಡದಿಂದ ಫೋನ್ ಬಂದರೆ ಅವರಿಗೆ ಕೆಲಸ. ಅಪ್ಪನ ಕಾರ್ಖಾನೆಯಿಂದ ಬಂದರೆ ಅಪ್ಪನ ಕೆಲಸ ಹೋದಂತೆ. ಇಬ್ಬರೂ ಒಂದೇ ಫೋನಿನ ಮುಂದೆ ಕೂತಿದ್ದರು.

"ಚರ್ಮದ್ದು ರೀ, ದೇವ್ರ ಮನೆ ಹತ್ರ ಬೇಡ," ಎಂದು ಅಮ್ಮ ಅಂಕಲ್‌ರ ಎಣ್ಣೆ ಸವರಿದ, ಚೆಂಡು ಹಿಡಿಯುವ ಗ್ಲೌಸನ್ನು ಬೆರಳ ತುದಿಯಲ್ಲಿ ಹಿಡಿದು ಚಪ್ಪಲಿ ಸ್ಟ್ಯಾಂಡಿನಲ್ಲಿಟ್ಟಳು.

ಫೋನ್ ರಿಂಗಾಯಿತು.

"ನೀವೇ ತಗೊಳ್ಳಿ," ಎಂದು ಅಮ್ಮ ಅಪ್ಪನ ಕಡೆ ನೋಡಿದಳು.

ಅಪ್ಪ ಕೇಳಿಸಿಕೊಂಡು ರಿಸೀವರನ್ನು ಅಂಕಲ್ ಕೈಗಿತ್ತರು. ಯಾವುದೋ ತಂಡ ಕರೆದಿತ್ತು. ಅಪ್ಪನೇ ಎದ್ದುಹೋಗಿ ಗ್ಲೌಸು ತಂದು, ತಮ್ಮ ಶರ್ಟಿನಲ್ಲೇ ಅದರ ಧೂಳು ಒರೆಸಿದರು.

ಕೈ ತೊಳೆದುಕೊಳ್ಳಿ ಎಂದು ಅಮ್ಮ ಹೇಳಲಿಲ್ಲ.

ಅಂಕಲ್ ಹೊರಟ ಮೇಲೆ ಅಪ್ಪ ಮತ್ತೆ ಅದೇ ಫೋನಿನ ಮುಂದೆ ಕೂತರು.