ಹಸಿರು ಸೀರೆಯವಳು

ರವಿಕೆ ಕಲ್ಲವ್ವನ ಮೊಳಕೈ ದಾಟಿ ಮೇಲೇರಲಿಲ್ಲ. ಹೊಸದು, ಹಸಿರು, ಗಂಡನದೇ ಹೊಲಿಗೆ. ಅಳತೆ ಮಾತ್ರ ಹರೆಯದ ಹುಡುಗಿಯದು. ಸಿಕ್ಕಿದ್ದಲ್ಲೇ, ಅವನ ಹೊಲಿಗೆ ಯಂತ್ರದ ಮೇಲೆ, ಅವಳು ಅದನ್ನು ಮುದುಡಿ ಒಗೆದಳು.

ಗಡಹಿಂಗ್ಲಜ ಪೇಟೆಯಲ್ಲಿ ಅವಳ ಗಂಡ ಕಾಡಸಿದ್ದನ ಫೋಟೋ ಸ್ಟುಡಿಯೋ ಎಂದರೆ ಎಲ್ಲರಿಗೂ ಗೊತ್ತು. ಹಿಂದಿನ ಪರದೆಗೆ ಬಣ್ಣ ಹಚ್ಚುವವನೂ ಅವನೇ, ಕುರ್ಚಿ ಮಾಡುವವನೂ ಅವನೇ. ಗಿರಾಕಿಗಳು ತೊಟ್ಟು ಕೂರಲೆಂದು ಕೋಟು, ಪರಕರ, ಮಕ್ಕಳ ಅಂಗಿ ಹೊಲಿಯುವವನೂ ಅವನೇ. ಪಕ್ಕದ ನೂಲ ಊರಿನ ರೈತ ಅವನ ಕ್ಯಾಮೆರಾ ಮುಂದೆ ಕೂತರೆ ಸಂಸ್ಥಾನಿಕನಾಗಿ ಏಳುತ್ತಿದ್ದ. ಇಂಥವನಿಗೆ ಹೆಣ್ಣುಮಕ್ಕಳು ಮರುಳಾಗದೆ ಇರುತ್ತಾರೆಯೇ? ಮನೆಯಲ್ಲಿ ಮಕ್ಕಳ ಸದ್ದಿಲ್ಲ ಬೇರೆ. ಇನ್ನೊಬ್ಬಳನ್ನು ತಾ ಎಂದು ಅತ್ತೆ ಸಾಯುವ ತನಕ ಜಪ ಮಾಡಿದ್ದಳು.

ಒಳಕೋಣೆಗೆ ಮೊದಲಿನಿಂದಲೂ ಬೀಗ. ಗಾಜಿನ ಪ್ಲೇಟು, ಫೋಟೋ ತೊಳೆಯುವ ಔಷಧಿ ನೀರು ಇವೆ, ಬರಬೇಡ ಎನ್ನುತ್ತಿದ್ದ. ಹತ್ತೊಂಬತ್ತುನೂರ ಅರವತ್ತನಾಲ್ಕರ ಶ್ರಾವಣದಲ್ಲಿ ತೇಗದ ಕುರ್ಚಿಯೊಂದನ್ನು ಮಾಡಿ, ಯಾರನ್ನೂ ಕೂರಿಸದೆ ಆ ಕೋಣೆಗೆ ಒಯ್ದ. ಇಚಲಕರಂಜಿಗೆ ಹೋಗಿ ಹಸಿರು ಸೀರೆ ತಂದ. ಅದೂ ಅಲ್ಲಿಗೇ ಹೋಯಿತು.

"ಹಸರ ಸೀರಿ ಅಂದ್ರ ಮದಿವಿ ಸೀರಿ, ಕಲ್ಲವ್ವಕ್ಕ," ಎಂದಳು ಪಕ್ಕದ ಮನೆಯ ಹೌಸಾಬಾಯಿ. "ಸವತಿ ಬಂದ ಮ್ಯಾಲ ಎಚ್ಚರಾದ್ರ ಏನ್ ಉಪಯೋಗ? ಕ್ವಾಟಿ ಸೂರಿ ಹ್ವಾದ ಮ್ಯಾಲ ದಿಡ್ಡಿ ಬಾಗ್ಲಾ ಹಾಕಿದ್ಹಂಗ!"

ಮಧ್ಯಾಹ್ನ ಬಡಿಸುತ್ತ ಕಲ್ಲವ್ವ ಕೇಳಿಯೇಬಿಟ್ಟಳು.

"ಒಳಗ ಯಾರ ಅದಾರ್ರೀ?"

"ಯಾರೂ ಇಲ್ಲ." ಕಾಡಸಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದು, ಬೀಗ ತೆಗೆದು ಒಳಕೋಣೆ ಸೇರಿದ.

ಅವಳು ಹಿಂದೆಯೇ ಹೋಗಿ ಬಾಗಿಲಿಗೆ ಕಿವಿ ಹಚ್ಚಿದಳು. ಒಳಗೆ ಗಂಡ ಮೆಲ್ಲಗೆ ಮಾತಾಡುತ್ತಿದ್ದ.

"ಭಾಳ ಚಂದ ಕಾಣಾಕತ್ತಿ. ನಿಲ್ಲು, ಸೆರಗ ಸರಿ ಮಾಡ್ತೇನಿ. ಅಕಿಗೆ ಮಾತ್ರ ತಿಳೀಬಾರ್ದು. ತಿಳದ್ರ ಎದಿ ಒಡಕೊಂಡ ಸಾಯ್ತಾಳ."

ಉತ್ತರ ಬರಲಿಲ್ಲ. ಬಳೆಯ ಸದ್ದಿಲ್ಲ, ಉಸಿರಿನ ಸದ್ದೂ ಇಲ್ಲ. ಕಲ್ಲವ್ವನಿಗೆ ಸಿಟ್ಟಿಗಿಂತ ಈಗ ಹೆದರಿಕೆಯೇ ಹೆಚ್ಚಾಯಿತು. ಆದರೂ ಇಷ್ಟು ವರ್ಷದ ಸಂಸಾರವನ್ನು ಹಾಗೇ ಬಿಟ್ಟುಕೊಡುವ ಹೆಣ್ಣಲ್ಲ ಅವಳು. ಬಾಗಿಲನ್ನು ಜಾಡಿಸಿ ದೂಡಿದಳು.

"ಬಾರಬೇ ಹೊರಗ, ಮನಿಮುರಕಿ!"

ತೇಗದ ಕುರ್ಚಿಯಲ್ಲಿ ಹಸಿರು ಸೀರೆಯವಳು ಕೂತಿದ್ದಳು. ಅವಳಿಗೆ ತಲೆ ಇರಲಿಲ್ಲ. ಕಟ್ಟಿಗೆಯ ಮೈಗೆ ಸೀರೆ ಉಡಿಸಿತ್ತು, ಅಷ್ಟೇ. ಮುಖ ಕಾಡಸಿದ್ದನ ಕೈಯಲ್ಲಿತ್ತು, ದಪ್ಪ ಕಾಗದದ ಮೇಲೆ ಪೆನ್ಸಿಲಿನಿಂದ ತಿದ್ದಿದ್ದು.

"ಕಲ್ಲವ್ವಾ, ನೋಡಬ್ಯಾಡ," ಎಂದ ಅವನು.

ಅವಳು ನೋಡಿದಳು. ಗೋಡೆಯ ತುಂಬ ಅದೇ ಪೆನ್ಸಿಲಿನ ಮುಖದ ಫೋಟೋಗಳು, ವರ್ಷಕ್ಕೊಂದರಂತೆ. ಒಂದರಲ್ಲಿ ಆ ಹುಡುಗಿಗೆ ಪರಕರ, ಎರಡು ಜಡೆ. ಇನ್ನೊಂದರಲ್ಲಿ ಗಿಡ್ಡ ಕುರ್ಚಿ, ಮೊಳಕಾಲಿನ ತನಕ ಅಂಗಿ. ಮೂಲೆಯಲ್ಲಿದ್ದುದರಲ್ಲಿ ಅಂಬೆಗಾಲು. ಹಣೆ ಕಲ್ಲವ್ವನದೇ, ಕಣ್ಣು ಕಾಡಸಿದ್ದನವು. ಕಲ್ಲವ್ವ ಗೋಡೆ ಹಿಡಿದು ಕುಸಿದು ಕೂತಳು. ಬಹಳ ಹೊತ್ತು ಅತ್ತಳು. ಆಮೇಲೆ ಗಂಡನ ಕೈಯಿಂದ ಆ ಮುಖವನ್ನು ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು.

"ನಮ್ಮ ಕೂಸಿಗೆ ಬಲಗಿವಿ ಕೆಳಗ ಮಚ್ಚಿ ಇತ್ತಲ್ರೀ, ಮಣ್ಣಿಗೆ ಇಡೂವಾಗ ನಾ ಅಲ್ಲೇ ಮುತ್ತ ಕೊಟ್ಟಿದ್ದೆ, ಅದನ್ಯಾಕ ಬಿಟ್ಟೀರಿ?"